ಎಐ ಬರೆದ ಡ್ರಾಫ್ಟು, ಪದಕ್ಕೆ 30 ಪೈಸೆ: ಒಬ್ಬ ಫ್ರೀಲಾನ್ಸ್ ಕಾಪಿರೈಟರ್‌ನ ಲೆಕ್ಕದ ಪುಸ್ತಕ



ಇವತ್ತಿನ ವಿಷಯ ಒಂದು ವಾಟ್ಸಾಪ್ ಮೆಸೇಜಿನಿಂದ ಶುರುವಾಗುತ್ತೆ. ಸಿರಿಧಾನ್ಯದ ಪದಾರ್ಥ ಮಾಡಿ ಮಾರುವ ಒಂದು ಸಣ್ಣ ಕಂಪನಿಗೆ ನಾನು ಎರಡು ವರ್ಷದಿಂದ ಕನ್ನಡದಲ್ಲಿ ಜಾಹೀರಾತು ಬರೆದುಕೊಡ್ತಿದ್ದೆ. ಪದಕ್ಕೆ 1 ರೂಪಾಯಿ. ಒಂದು ಸೋಮವಾರ ಬೆಳಗ್ಗೆ ಮಾಲೀಕರ ಮೆಸೇಜ್ ಬಂತು: "ಇನ್ಮೇಲೆ ಡ್ರಾಫ್ಟು ನಾವೇ ಎಐನಲ್ಲಿ ಮಾಡಿ ಕಳಿಸ್ತೀವಿ. ನೀವು ಸ್ವಲ್ಪ ನೋಡಿ ಸರಿ ಮಾಡಿಕೊಟ್ರೆ ಸಾಕು. ಪದಕ್ಕೆ 30 ಪೈಸೆ ಹಾಕೋಣ." ಕೆಳಗೆ ಒಂದು ಕೈ ಮುಗಿಯೋ ಇಮೋಜಿ.

ಆ "ಸ್ವಲ್ಪ ನೋಡಿ" ಅನ್ನೋ ಎರಡು ಪದದ ಬೆಲೆ ಎಷ್ಟು ಅನ್ನೋದೇ ಇವತ್ತಿನ ಲೆಕ್ಕ. ನಾನು ಓದಿದ್ದು ಬಿ.ಕಾಂ. ಹಾಗಾಗಿ ತಂತ್ರಜ್ಞಾನಕ್ಕಿಂತ ಮೊದಲು ನನಗೆ ಕಾಣಿಸೋದು ಜಮಾ-ಖರ್ಚು.

ಗೊತ್ತಿಲ್ಲದೋರಿಗೆ ಒಂದು ಮಾತು. ಕಾಪಿರೈಟರ್ ಅಂದ್ರೆ ಹಕ್ಕುಸ್ವಾಮ್ಯದ ಕಾಪಿರೈಟ್ ಅಲ್ಲ. ಜಾಹೀರಾತು, ಪ್ಯಾಕೆಟ್ ಮೇಲಿನ ಬರಹ, ವೆಬ್‌ಸೈಟು, ಇನ್‌ಸ್ಟಾಗ್ರಾಮ್ ಪೋಸ್ಟು ಇವಕ್ಕೆಲ್ಲ ಮಾತು ಬರೆಯೋರು. ನಮ್ಮಮ್ಮ ಮಾತ್ರ ಇವತ್ತಿಗೂ ನಾನೇನೋ ಕಾಪಿ ಹೊಡೆಯೋ ಕೆಲಸದಲ್ಲಿದ್ದೀನಿ ಅಂತಲೇ ತಿಳ್ಕೊಂಡಿದ್ದಾರೆ. ಪಾಡ್‌ಕಾಸ್ಟ್‌ನಿಂದ ಬಾಡಿಗೆ ಕಟ್ಟೋಕಾಗಲ್ಲ, ಅದಕ್ಕೇ ಈ ಕೆಲಸ.

ಮೊದಲು ಒಳ್ಳೇದು ಹೇಳ್ಬಿಡ್ತೀನಿ, ಯಾಕಂದ್ರೆ ಅದು ನಿಜವಾಗಿಯೂ ಒಳ್ಳೇದು. 2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂತು. ಅದಾದ ಕೆಲವೇ ತಿಂಗಳಲ್ಲಿ ನಾನು ಅದನ್ನ ದಿನಾ ಬಳಸೋಕೆ ಶುರು ಮಾಡಿದ್ದೆ. ಖಾಲಿ ಪರದೆ ಮುಂದೆ ಅರ್ಧ ಗಂಟೆ ಕೂತು ಚಹಾ ಮೇಲೆ ಚಹಾ ಕುಡಿಯೋ ಕಷ್ಟ ತಪ್ಪಿತು. "ಇಪ್ಪತ್ತು ಶೀರ್ಷಿಕೆ ಕೊಡು" ಅಂದ್ರೆ ಕೊಡುತ್ತೆ. ಹದಿನೆಂಟು ಕಸ, ಆದ್ರೆ ಉಳಿದ ಎರಡರಿಂದ ನನಗೇ ಮೂರನೇದು ಹೊಳೆಯುತ್ತೆ. ನಲವತ್ತು ಪುಟದ ಇಂಗ್ಲಿಷ್ ಬ್ರೋಷರ್ ಕೊಟ್ಟು ಸಾರಾಂಶ ಕೇಳಬಹುದು. ಬಾಕಿ ದುಡ್ಡು ಕೇಳೋ ಇಂಗ್ಲಿಷ್ ಇಮೇಲನ್ನಂತೂ ಅದು ನನಗಿಂತ ಮರ್ಯಾದೆಯಾಗಿ, ನನಗಿಂತ ಗಟ್ಟಿಯಾಗಿ ಬರೆಯುತ್ತೆ. ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿಗೆ ಅದೊಂದೇ ದೊಡ್ಡ ಧೈರ್ಯ.

ಇದು ನನ್ನೊಬ್ಬನ ಅನುಭವ ಅಲ್ಲ. ಅಮೆರಿಕದ ಎಂಐಟಿಯ ಇಬ್ಬರು ಸಂಶೋಧಕರು ನಾನೂರಕ್ಕೂ ಹೆಚ್ಚು ಪದವೀಧರ ನೌಕರರಿಗೆ ಪತ್ರಿಕಾ ಪ್ರಕಟಣೆ, ಸಣ್ಣ ವರದಿ, ಇಮೇಲ್ ಥರದ ಬರವಣಿಗೆ ಕೊಟ್ಟು ಪರೀಕ್ಷೆ ಮಾಡಿದ್ರು. 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅದು ಪ್ರಕಟವಾಯ್ತು. ಚಾಟ್‌ಜಿಪಿಟಿ ಬಳಸಿದವರಿಗೆ ಹಿಡಿದ ಸಮಯ ಸರಾಸರಿ ಶೇ 40ರಷ್ಟು ಕಡಿಮೆ, ಬರಹದ ಗುಣಮಟ್ಟ ಶೇ 18ರಷ್ಟು ಹೆಚ್ಚು.

ಸರಿ, ಸಮಯ ಉಳೀತು. ಉಳಿದ ಸಮಯ ಯಾರ ಜೇಬಿಗೆ ಹೋಯ್ತು?

ನನ್ನ ಡೈರಿಯಿಂದಲೇ ಅಂಕಿ ಕೊಡ್ತೀನಿ. ಪೂರ್ತಿ ನಾನೇ ಬರೆದ್ರೆ 1,000 ಪದಕ್ಕೆ 4 ಗಂಟೆ. ಸಿಗೋದು 1,000 ರೂಪಾಯಿ, ಅಂದ್ರೆ ಗಂಟೆಗೆ 250. ಅದೇ ಕೆಲಸಕ್ಕೆ ನಾನೇ ಎಐ ಬಳಸಿ, ಅದರ ಕನ್ನಡವನ್ನ ತಿದ್ದಿ ತೀಡಿ ಕೊಟ್ರೆ ಎರಡೂವರೆ ಗಂಟೆ. ಗಂಟೆಗೆ 400. ಭೇಷ್! ಈಗ ಮೂರನೇ ಲೆಕ್ಕ ನೋಡಿ. ಎಐ ಬಳಸೋದು ಕ್ಲೈಂಟು, ತಿದ್ದೋದು ನಾನು. 1,000 ಪದಕ್ಕೆ 300 ರೂಪಾಯಿ. ತಿದ್ದೋಕೆ ಬೇಕಾಗೋದು 2 ಗಂಟೆ. ಗಂಟೆಗೆ 150. ಡ್ರಾಫ್ಟು ಕೆಟ್ಟದಾಗಿದ್ರೆ 3 ಗಂಟೆ, ಆಗ ಗಂಟೆಗೆ 100.

ಉಪಕರಣ ಅದೇ, ಕನ್ನಡ ಅದೇ, ಕುರ್ಚಿ ಮೇಲೆ ಕೂತಿರೋ ಮನುಷ್ಯನೂ ಅದೇ. ಉಪಕರಣ ಯಾರ ಕೈಯಲ್ಲಿದೆ, ರೇಟು ಯಾವುದಕ್ಕೆ ಕಟ್ಟಿದ್ದಾರೆ ಅನ್ನೋದಷ್ಟೇ ಬದಲಾಗಿದ್ದು. ಮೊದಲು ತಿಂಗಳಿಗೆ 20,000 ದುಡಿಯೋಕೆ 80 ಗಂಟೆ ಸಾಕಿತ್ತು. 30 ಪೈಸೆ ರೇಟಲ್ಲಿ ಅಷ್ಟೇ ದುಡಿಯೋಕೆ ಸುಮಾರು 67,000 ಪದ ತಿದ್ದಬೇಕು, ಅಂದ್ರೆ 130 ಗಂಟೆಗೂ ಹೆಚ್ಚು. ಯಂತ್ರ ಕೆಲಸ ಕಡಿಮೆ ಮಾಡ್ತು ಅಂತಾರೆ. ನನಗೆ ಮಾತ್ರ 50 ಗಂಟೆ ಜಾಸ್ತಿ ಆಯ್ತು.

ಫ್ರೀಲಾನ್ಸ್ ಕೆಲಸ ಹುಡುಕುವ ಅಪ್‌ವರ್ಕ್ ವೇದಿಕೆಯ ಮಾಹಿತಿ ಇಟ್ಕೊಂಡು ಮಾಡಿದ ಇನ್ನೊಂದು ಅಧ್ಯಯನವೂ ಇದೆ. ಚಾಟ್‌ಜಿಪಿಟಿ ಬಂದ ಮೇಲೆ ಬರವಣಿಗೆಯಂಥ ಕೆಲಸ ಮಾಡೋರಿಗೆ ಸಿಗೋ ಕೆಲಸಗಳ ಸಂಖ್ಯೆ ಶೇ 2ರಷ್ಟು, ತಿಂಗಳ ಗಳಿಕೆ ಶೇ 5.2ರಷ್ಟು ಇಳೀತು ಅಂತ ಅದು ಹೇಳುತ್ತೆ. ನನಗೆ ಭಯ ಆಗಿದ್ದು ಈ ಅಂಕಿಯಿಂದಲ್ಲ. ಒಳ್ಳೇ ರೇಟಿಂಗ್, ಹಳೇ ಅನುಭವ ಇದ್ದವರಿಗೂ ಅದರಿಂದ ರಕ್ಷಣೆ ಸಿಗಲಿಲ್ಲ ಅನ್ನೋ ಸಾಲಿನಿಂದ. "ಚೆನ್ನಾಗಿ ಬರೆಯೋರಿಗೆ ಏನೂ ಆಗಲ್ಲ" ಅಂತ ನಾವು ಫ್ರೀಲಾನ್ಸರ್‌ಗಳು ಒಬ್ಬರಿಗೊಬ್ಬರು ಸಮಾಧಾನ ಹೇಳ್ಕೋತೀವಲ್ಲ, ಅದನ್ನ ನಾನು ಹೇಳೋದು ಬಿಟ್ಟಿದ್ದೀನಿ.

ಈಗ ಕನ್ನಡದ ಕಥೆಗೆ ಬರೋಣ. ಈ ಯಂತ್ರಗಳು ಕಲಿತಿರೋದು ಹೆಚ್ಚಾಗಿ ಇಂಗ್ಲಿಷ್ ಬರಹದಿಂದ. ಇಂಟರ್ನೆಟ್ಟಲ್ಲಿ ಕನ್ನಡ ಇರೋದೇ ಕಡಿಮೆ. ಇನ್ನೊಂದು ತಾಂತ್ರಿಕ ವಿಷಯ: ಇವು ವಾಕ್ಯವನ್ನ ನಮ್ಮ ಹಾಗೆ ಪದ ಪದವಾಗಿ ನೋಡಲ್ಲ, ಟೋಕನ್ ಅನ್ನೋ ಚೂರುಗಳಾಗಿ ಒಡೆದು ನೋಡ್ತವೆ. ಇಂಗ್ಲಿಷಿನ ಒಂದು ಸಾಮಾನ್ಯ ಪದ ಎಷ್ಟೋ ಸಲ ಒಂದೇ ಚೂರು. ಕನ್ನಡದ ಪದ, ಅದರಲ್ಲೂ ಹಳೇ ಮಾದರಿಗಳಲ್ಲಿ, ಪುಡಿಪುಡಿಯಾಗುತ್ತೆ. ದುಡ್ಡು ಕೊಟ್ಟು ಬಳಸೋ ಕೆಲವು ಕಡೆ ಲೆಕ್ಕ ಹಾಕೋದು ಈ ಚೂರುಗಳ ಮೇಲೆ. ಅಂಥ ಕಡೆ ಅದೇ ವಿಷಯವನ್ನ ಕನ್ನಡದಲ್ಲಿ ಕೇಳಿದ್ರೆ ಖರ್ಚೂ ಜಾಸ್ತಿ.

ಹೊರಗೆ ಬರೋ ಕನ್ನಡ ಹೇಗಿರುತ್ತೆ? ವ್ಯಾಕರಣ ಈಗೀಗ ಪರವಾಗಿಲ್ಲ. ಆದ್ರೆ "ಆರೋಗ್ಯದ ಪಯಣವನ್ನು ಪ್ರಾರಂಭಿಸಿ", "ರುಚಿಯ ಮಾಂತ್ರಿಕತೆಯನ್ನು ಅನಾವರಣಗೊಳಿಸಿ" ಅಂತೆಲ್ಲ ಬರುತ್ತೆ. ರಾಗಿ ಹಿಟ್ಟು ಸ್ವಾಮಿ ಅದು, ಅನಾವರಣ ಮಾಡೋಕೆ ಪುತ್ಥಳಿ ಅಲ್ಲ. ಒಂದೇ ಪೋಸ್ಟಿನಲ್ಲಿ ಮೊದಲು "ನೀವು", ಮೂರನೇ ಸಾಲಲ್ಲಿ "ನಿನ್ನ". ಮೈಸೂರಿನ ಒಂದು ಸಿಹಿತಿಂಡಿ ಅಂಗಡಿಯ ಯುಗಾದಿ ಜಾಹೀರಾತಿನ ಡ್ರಾಫ್ಟು ನನ್ನ ಹತ್ರ ಬಂದಿತ್ತು. ಅದರ ತುಂಬ "ಹೋಳಿಗೆ". ಹುಬ್ಬಳ್ಳಿ, ಧಾರವಾಡಕ್ಕಾದ್ರೆ ಸರಿ. ಮೈಸೂರಿನ ಅಜ್ಜಿ ಅಂಗಡಿಗೆ ಬಂದು ಕೇಳೋದು ಒಬ್ಬಟ್ಟು. ತಪ್ಪು ಅಂತ ಯಾವ ಸ್ಪೆಲ್‌ಚೆಕ್ಕೂ ಹೇಳಲ್ಲ, ಯಾಕಂದ್ರೆ ಅದು ತಪ್ಪೇ ಅಲ್ಲ. ಆದ್ರೆ "ಇದು ನಮ್ಮೂರ ಅಂಗಡಿ" ಅನ್ನೋ ಭಾವ ಹೋಯ್ತು. ನಾನು ಆವತ್ತು ಬದಲಾಯಿಸಿದ್ದು ಒಂದೇ ಒಂದು ಪದ. ಪದಕ್ಕೆ 30 ಪೈಸೆ ರೇಟಲ್ಲಿ ಆ ತಿಳಿವಳಿಕೆಗೆ ನನಗೆ ಸಿಕ್ಕಿದ್ದೂ 30 ಪೈಸೆ.

ಇಷ್ಟೇ ಆಗಿದ್ರೆ ಗೊಣಗಾಡಿಕೊಂಡು ಇರ್ತಿದ್ದೆ. ಈ ಸಂಚಿಕೆ ಮಾಡೋಕೆ ಕಾರಣ ಬೇರೆ ಇದೆ.

ಅದೇ ಸಿರಿಧಾನ್ಯದ ಕ್ಲೈಂಟು 12 ಪದಾರ್ಥಗಳ ಪ್ಯಾಕೆಟ್ ಬರಹ ಕಳಿಸಿದ್ರು. ಎಲ್ಲ ಸೇರಿ 960 ಪದ, 288 ರೂಪಾಯಿಯ ಕೆಲಸ. ರಾತ್ರಿ ಹನ್ನೊಂದೂವರೆಗೆ ಕೂತು ವಾಕ್ಯಗಳನ್ನ ಸರಿ ಮಾಡಿ, ಒತ್ತಕ್ಷರ ನೋಡಿ ಕಳಿಸ್ದೆ. ರಾಗಿ ಮಾಲ್ಟಿನ ಕೆಳಗಡೆ ಒಂದು ಸಾಲಿತ್ತು: "ನಿಯಮಿತ ಸೇವನೆಯಿಂದ ಮಧುಮೇಹ ಕ್ರಮೇಣ ಗುಣವಾಗುತ್ತದೆ." ವಾಕ್ಯ ಚೆನ್ನಾಗಿತ್ತು. ಅದಕ್ಕೇ ಕಣ್ಣಿಗೆ ಬೀಳಲಿಲ್ಲ. ನಾನು ತಪ್ಪು ಕನ್ನಡ ಹುಡುಕ್ತಿದ್ದೆ, ತಪ್ಪು ಮಾತನ್ನಲ್ಲ.

ಸ್ಟಿಕ್ಕರ್ ಪ್ರಿಂಟ್ ಆಯ್ತು. ಪ್ಯಾಕೆಟ್ಟಿಗೆ ಅಂಟಿಸೋ ಮುಂಚೆ ಮಾಲೀಕರ ಪರಿಚಯದ ಒಬ್ಬ ಡಾಕ್ಟರ್ ನೋಡಿ ತಡೆದ್ರು. 2018ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಆಹಾರ ಪದಾರ್ಥದ ಜಾಹೀರಾತಿನಲ್ಲಿ ರೋಗ ತಡೆಯುತ್ತೆ, ವಾಸಿ ಮಾಡುತ್ತೆ ಅಂತ ಹೇಳ್ಕೊಳ್ಳೋ ಹಾಗಿಲ್ಲ. ಔಷಧದ ಹೆಸರಲ್ಲಿ ಇಂಥ ಭರವಸೆ ಕೊಡೋ ಜಾಹೀರಾತುಗಳನ್ನ ತಡೆಯೋಕೆ 1954ರಿಂದಲೇ ಬೇರೆ ಕಾಯ್ದೆ ಇದೆ, ಅದರ ಪಟ್ಟಿಯಲ್ಲಿ ಮಧುಮೇಹದ ಹೆಸರೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರ ಮೇಲೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು.

ಕಾನೂನು ಒಂದು ಕಡೆ ಇರಲಿ. ನಮ್ಮ ದೊಡ್ಡಮ್ಮನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಯಾರೋ ಹೇಳಿದ್ರು ಅಂತ ಮಾತ್ರೆ ಬಿಟ್ಟು ಕಷಾಯ ಕುಡಿದು ಒಂದು ಸಲ ಆಸ್ಪತ್ರೆ ಸೇರಿದ್ದವರು. ಆ ಸ್ಟಿಕ್ಕರ್ ಅವರ ಕೈಗೆ ಸಿಕ್ಕಿದ್ರೆ, ಅಚ್ಚುಕಟ್ಟಾದ ಕನ್ನಡದಲ್ಲಿ, ನಾನೇ ತಿದ್ದಿದ ಕನ್ನಡದಲ್ಲಿ...

ಮಾಲೀಕರು ಫೋನ್ ಮಾಡಿದ್ರು. "ಸರ್, ಅದು ಎಐ ಬರೆದಿದ್ದು, ನೀವೇ ಕಳಿಸಿದ ಡ್ರಾಫ್ಟಲ್ಲಿತ್ತು" ಅಂದೆ. ಅವರು ಕೂಗಾಡಲಿಲ್ಲ. "ಗೊತ್ತು. ಆದ್ರೆ ನಿಮಗೆ ದುಡ್ಡು ಕೊಟ್ಟಿದ್ದು ನೋಡೋಕೆ ಅಲ್ವಾ?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಪ್ರಿಂಟಿಂಗ್ ಖರ್ಚು 6,000. ಅರ್ಧ ನಾನು ಕೊಟ್ಟೆ. ದುಡಿದಿದ್ದು 288, ತೆತ್ತಿದ್ದು 3,000.

ಯಂತ್ರದ ತಪ್ಪಿಗೆ ಯಾರು ಹೊಣೆ ಅನ್ನೋ ಪ್ರಶ್ನೆ ಬೇರೆ ಕಡೆ ನ್ಯಾಯಮಂಡಳಿವರೆಗೂ ಹೋಗಿದೆ. ಏರ್ ಕೆನಡಾದ ಚಾಟ್‌ಬಾಟ್ ಒಬ್ಬ ಪ್ರಯಾಣಿಕನಿಗೆ ಟಿಕೆಟ್ ರಿಯಾಯಿತಿ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತ್ತು. "ಚಾಟ್‌ಬಾಟ್ ಹೇಳಿದ್ದಕ್ಕೆ ಅದೇ ಹೊಣೆ" ಅನ್ನೋ ಅರ್ಥದ ವಾದವನ್ನ ಕಂಪನಿ ಮುಂದಿಟ್ಟಿತು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಅದನ್ನ ಒಪ್ಪಲಿಲ್ಲ, ಸುಮಾರು 812 ಕೆನಡಾ ಡಾಲರ್ ಕೊಡಿ ಅಂತು. ಅಲ್ಲಿ ದೊಡ್ಡ ಕಂಪನಿ ಕೊಡ್ತು. ನಮ್ಮ ಧಂದೆಯಲ್ಲಿ ಕೊನೇಲಿ ಮುಟ್ಟಿದ ಕೈ ಯಾವುದೋ ಅದೇ ಸಿಕ್ಕಿಹಾಕಿಕೊಳ್ಳೋದು. ಮತ್ತು ಕೊನೇಲಿ ಮುಟ್ಟೋದು ಯಾವಾಗಲೂ ಫ್ರೀಲಾನ್ಸರ್.

ಇದರ ಉಲ್ಟಾ ಅನ್ಯಾಯವೂ ಒಂದಿದೆ, ಬೇಗ ಹೇಳಿ ಮುಗಿಸ್ತೀನಿ. ಇನ್ನೊಂದು ಏಜೆನ್ಸಿಗೆ ಪೂರ್ತಿ ನಾನೇ ಬರೆದ ಇಂಗ್ಲಿಷ್ ಲೇಖನ ಕಳಿಸಿದ್ದೆ. ಅವರು ಅದನ್ನ ಎಐ ಪತ್ತೆ ಮಾಡೋ ಯಾವುದೋ ಸಾಫ್ಟ್‌ವೇರಿಗೆ ಹಾಕಿ, "ಇದು ಶೇ 85 ಎಐ" ಅಂತ ದುಡ್ಡು ತಡೆಹಿಡಿದ್ರು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಇಂಥದ್ದೊಂದು ಪತ್ತೆ ಉಪಕರಣವನ್ನ 2023ರ ಜನವರಿಯಲ್ಲಿ ತಂದು, ನಿಖರತೆ ಕಡಿಮೆ ಅಂತ ಅದೇ ಜುಲೈನಲ್ಲಿ ಮುಚ್ಚಿತ್ತು. ಆ ಸುದ್ದಿಯ ಜೊತೆಗೆ ನನ್ನ ಗೂಗಲ್ ಡಾಕ್ಸ್ ಹಿಸ್ಟರಿ ಕಳಿಸಿದ ಮೇಲೆ, ಬರೆದು ಅಳಿಸಿ ಮತ್ತೆ ಬರೆದಿದ್ದೆಲ್ಲ ಅದರಲ್ಲಿ ಕಾಣುತ್ತಲ್ಲ, ದುಡ್ಡು ಬಂತು. ನೀವೂ ಫ್ರೀಲಾನ್ಸ್ ಮಾಡ್ತಿದ್ರೆ ವಾಟ್ಸಾಪಲ್ಲೇ ಟೈಪ್ ಮಾಡಿ ಕಳಿಸಬೇಡಿ. ಹಿಸ್ಟರಿ ಉಳಿಯೋ ಕಡೆ ಬರೀರಿ.

ಎಐ ಬಿಟ್ಟುಬಿಟ್ಟೆನಾ? ಇಲ್ಲ. ಇವತ್ತು ಬೆಳಗ್ಗೆಯೂ ಬಳಸಿದೆ. ಬಿಟ್ಟಿದ್ದು ಪದದ ಲೆಕ್ಕವನ್ನ. ಈಗ ಕೊಟೇಶನ್ನಿನಲ್ಲಿ ಮೂರು ಸಾಲು ಬೇರೆ ಬೇರೆ ಹಾಕ್ತೀನಿ: ಬರವಣಿಗೆಗೆ ಇಷ್ಟು, ಭಾಷೆ ತಿದ್ದೋಕೆ ಇಷ್ಟು, ಹೇಳಿರೋ ವಿಷಯ ಸರಿಯಾ ಅಂತ ಪರಿಶೀಲಿಸೋಕೆ ಇಷ್ಟು. ಮೂರನೇದು ಬೇಡ ಅಂದ್ರೆ ಬೇಡ, ಆದ್ರೆ "ವಿಷಯದ ಹೊಣೆ ಕ್ಲೈಂಟಿನದು" ಅಂತ ಇಮೇಲಿನಲ್ಲಿ ಒಪ್ಪಿಗೆ ತಗೋತೀನಿ. ಡ್ರಾಫ್ಟು ಅವರದಾದ್ರೆ ರೇಟು ಹೇಳೋ ಮುಂಚೆ ಒಂದು ಪುಟ ಕೇಳಿ ನೋಡ್ತೀನಿ. ನಾನು ಎಐ ಬಳಸಿದ್ರೆ ಎಲ್ಲಿ ಬಳಸಿದೆ ಅಂತ ಹೇಳ್ತೀನಿ. ಕ್ಲೈಂಟಿನ ಹೊಸ ಪದಾರ್ಥದ ಹೆಸರು, ಬೆಲೆ ಇಂಥದ್ದನ್ನ ಉಚಿತ ಆ್ಯಪಿಗೆ ಹಾಕಲ್ಲ. ಇಷ್ಟರಿಂದ ಇಬ್ಬರು ಕ್ಲೈಂಟು ಹೋದ್ರು, ಮುಚ್ಚಿಡಲ್ಲ. ಅವರಿಗೆ 30 ಪೈಸೆಗೆ ಇನ್ಯಾರೋ ಸಿಕ್ಕಿರ್ತಾರೆ, ಬಹುಶಃ ನಿಮ್ಮಲ್ಲೇ ಒಬ್ಬರು. ಹಾಗಿದ್ರೆ ದಯವಿಟ್ಟು ರಾಗಿ ಮಾಲ್ಟಿನ ಸಾಲನ್ನ ಎರಡು ಸಲ ಓದಿ.

ಸಿರಿಧಾನ್ಯದವರು ಹೋಗಲಿಲ್ಲ. ಹೋದ ತಿಂಗಳು ಮತ್ತೆ 8 ಪದಾರ್ಥದ ಡ್ರಾಫ್ಟು ಕಳಿಸಿದ್ರು. ಪರಿಶೀಲನೆಗೆ ಅಂತಲೇ 1,500 ರೂಪಾಯಿ ಹಾಕಿದ್ದೆ. "ಬರೀ ಓದೋಕೆ ಇಷ್ಟೊಂದಾ?" ಅಂತ ಕೇಳಿದ್ರು. ನಾನು ಆ ಹಳೇ ಸ್ಟಿಕ್ಕರಿನ ಫೋಟೋ ಕಳಿಸ್ದೆ. ಎರಡು ನೀಲಿ ಗೆರೆ ಬಂತು. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ "ಆಯ್ತು" ಅಂದ್ರು.

ಡ್ರಾಫ್ಟು ತೆಗೆದು ಓದ್ತಾ ಹೋದೆ. ಐದನೇ ಪದಾರ್ಥ ಸಾಮೆ ಅಕ್ಕಿ. ಕೊನೇ ಸಾಲು: "ಇನ್ನು ಇನ್ಸುಲಿನ್ ಚಿಂತೆ ಬೇಡ."