ಆಸ್ಪತ್ರೆಯ ಅಡುಗೆಮನೆಯಲ್ಲಿ ಡಯಟೀಷಿಯನ್

ಆಸ್ಪತ್ರೆಯ ಊಟದ ಗುತ್ತಿಗೆಗೆ ಟೆಂಡರು ಕರೆದರೆಂದರೆ ನಮ್ಮ ಹೋಟೆಲಿಗರು ಮೊದಲು ವಿಚಾರಿಸುವುದು ಹಾಸಿಗೆ ಎಷ್ಟು, ತಟ್ಟೆಗೆ ದರ ಎಷ್ಟು ಎಂಬ ಎರಡೇ ಮಾತು. ಇಡ್ಲಿ, ಉಪ್ಪಿಟ್ಟು, ಅನ್ನ ಸಾರು ನಮಗೇನು ಹೊಸತೇ? ಆದರೆ ಒಂದೇ ಆಸ್ಪತ್ರೆಯೊಳಗೆ ಎರಡು ಬಗೆಯ ವ್ಯಾಪಾರವಿದೆ. ಸಿಬ್ಬಂದಿಗೆ ಮತ್ತು ರೋಗಿಯನ್ನು ನೋಡಲು ಬಂದವರಿಗೆ ನಡೆಸುವ ಕ್ಯಾಂಟೀನು ಒಂದು. ಅದು ಹೆಚ್ಚುಕಡಿಮೆ ನಮ್ಮ ಹೋಟೆಲೇ. ವಾರ್ಡಿಗೆ ಹೋಗುವ ತಟ್ಟೆ ಇನ್ನೊಂದು. ಅಲ್ಲಿ ಗಿರಾಕಿ ಕೇಳಿದ್ದನ್ನು ಕೊಡುವಂತಿಲ್ಲ. ವೈದ್ಯರ ಸೂಚನೆ ನೋಡಿಕೊಂಡು ಏನು, ಎಷ್ಟು, ಎಷ್ಟು ಹೊತ್ತಿಗೆ ಎಂದು ಗೊತ್ತುಮಾಡುವವರು ಡಯಟೀಷಿಯನ್, ಅಂದರೆ ಪಥ್ಯಾಹಾರ ತಜ್ಞರು. ಅವರ ಕೆಲಸ ಏನೆಂದು ತಿಳಿಯದೆ ಗುತ್ತಿಗೆಗೆ ಸಹಿ ಹಾಕುವುದು ಜಾಣತನವಲ್ಲ ಎಂಬುದು ನಮ್ಮ ಅಭಿಪ್ರಾಯ.

ಅವರ ದಿನ ಶುರುವಾಗುವುದು ವಾರ್ಡಿನ ಪಟ್ಟಿಯಿಂದ. ರಾತ್ರಿ ಯಾರು ದಾಖಲಾದರು, ಇಂದು ಯಾರು ಮನೆಗೆ ಹೋಗುತ್ತಾರೆ, ಯಾರಿಗೆ ಆಪರೇಷನ್ ಇದೆ ಎಂಬುದೆಲ್ಲ ಅದರಲ್ಲಿರುತ್ತದೆ. ಬರೀ ತಿಳಿಯಾದ ದ್ರವ, ನಂತರ ಹಾಲು ಗಂಜಿಯಂಥದ್ದು, ಆಮೇಲೆ ಮೆತ್ತಗಿನ ಊಟ, ಕೊನೆಗೆ ಸಾಮಾನ್ಯ ಊಟ, ಹೀಗೆ ಮೆಟ್ಟಿಲುಗಳಿವೆ. ಅದರ ಜೊತೆಗೆ ಸಕ್ಕರೆ ಕಾಯಿಲೆ, ಹೃದಯ, ಮೂತ್ರಪಿಂಡ, ಯಕೃತ್ತು ಎಂದು ಬೇರೆ ಬೇರೆ ಪಥ್ಯ. ವೈದ್ಯರು ವಾರ್ಡಿನಲ್ಲಿ ಒಂದು ಸುತ್ತು ಹೋಗಿ ಬಂದರೆ ಬೆಳಗಿನ ಪಟ್ಟಿ ಬದಲಾಗುತ್ತದೆ. ಆ ಬದಲಾವಣೆ ಮಧ್ಯಾಹ್ನದ ತಟ್ಟೆ ಹೊರಡುವ ಮೊದಲೇ ಅಡುಗೆಮನೆಗೆ ಮುಟ್ಟಬೇಕು. ಆಪರೇಷನ್‌ಗೆ ಮುನ್ನ ಬರಿಹೊಟ್ಟೆಯಲ್ಲಿರಬೇಕಾದವರ ಮುಂದೆ ಅಕಸ್ಮಾತ್ ಉಪ್ಪಿಟ್ಟು ಹೋಗಿ, ಅವರು ಅದನ್ನು ತಿಂದರೆ ಆ ದಿನದ ಆಪರೇಷನ್ನೇ ಮುಂದೆ ಹೋಗುತ್ತದೆ. ಅರಿವಳಿಕೆಯಲ್ಲಿರುವಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಊಟದ ಹೊತ್ತಿನ ಇನ್ಸುಲಿನ್ ಚುಚ್ಚಿಯಾದ ಮೇಲೆ ತಟ್ಟೆ ತಡವಾದರೆ ರೋಗಿಯ ರಕ್ತದ ಸಕ್ಕರೆ ಇಳಿದು ತಲೆ ಸುತ್ತಬಹುದು, ಎಚ್ಚರ ತಪ್ಪಲೂಬಹುದು. ಹೋಟೆಲಿನಲ್ಲಿ ತಡವಾದರೆ ಗಿರಾಕಿಯ ಬೈಗುಳ ಕೇಳಿದರೆ ಮುಗಿಯಿತು.

ನಮ್ಮ ಅಡುಗೆ ಭಟ್ಟರಿಗೆ ಬಹಳ ವಿಚಿತ್ರವೆನಿಸುವುದು ಮೂತ್ರಪಿಂಡದ ಪಥ್ಯ. ಆರೋಗ್ಯಕ್ಕೆ ಒಳ್ಳೆಯದೆಂದು ನಾವು ನಂಬಿದ ಎಳನೀರು, ಬಾಳೆಹಣ್ಣು, ಟೊಮೆಟೊ ಇವುಗಳಿಗೇ ಅಲ್ಲಿ ಕಡಿವಾಣ. ಇವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ಸೋತ ಮೂತ್ರಪಿಂಡ ಅದನ್ನು ಹೊರಹಾಕಲಾರದು. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ಹದ ತಪ್ಪುತ್ತದೆ. ಅದಕ್ಕಾಗಿ ತರಕಾರಿಯನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಲು ಹೇಳುತ್ತಾರೆ. ಸತ್ವವೆಲ್ಲ ಮೋರಿಗೆ ಹೋಯಿತೆಂದು ಭಟ್ಟರು ಗೊಣಗಿದರೆ ಆಶ್ಚರ್ಯವಿಲ್ಲ. ಹೋಗಬೇಕಾದದ್ದೂ ಅದೇ! ಇನ್ನು ಸೋಡಿಯಂ ಕಡಿಮೆ ಎಂದು ಪೊಟ್ಟಣದ ಮೇಲೆ ಬರೆದು ಮಾರುವ ಉಪ್ಪು. ಅದರಲ್ಲಿ ಸಾಮಾನ್ಯವಾಗಿ ಒಂದಷ್ಟು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಉಪ್ಪಿನ ಬಗ್ಗೆ ಸಲಹೆ ಕೊಟ್ಟಾಗಲೂ ಮೂತ್ರಪಿಂಡದ ತೊಂದರೆ ಇರುವವರನ್ನು ಅದರಿಂದ ಹೊರಗಿಟ್ಟಿತು. ಒಳ್ಳೆಯ ಮನಸ್ಸಿನಿಂದಲೇ ಸ್ಟೋರಿನವರು ಇದನ್ನು ತರಿಸಿ ಎಲ್ಲ ಪಥ್ಯದ ಅಡುಗೆಗೂ ಹಾಕಿಬಿಟ್ಟರೆ ಏನಾದೀತು, ಯೋಚಿಸಿ. ಡಯಟೀಷಿಯನ್ ಅಡುಗೆಮನೆಗೆ ಬಂದು ಉಪ್ಪಿನ ಡಬ್ಬಿ ತೆರೆದು ನೋಡಿದರೆ ಭಟ್ಟರು ಮುಖ ಊದಿಸಿಕೊಳ್ಳಬಾರದು. ಇದನ್ನು ಅವರಿಗೆ ಮೊದಲೇ ಹೇಳಿಡುವುದು ಮಾಲೀಕರ ಕೆಲಸ.

ದೊಡ್ಡ ಆಸ್ಪತ್ರೆಗಳಲ್ಲಿ ವಾರ್ಡು ನೋಡುವವರು ಬೇರೆ, ಅಡುಗೆಮನೆ ನೋಡುವವರು ಬೇರೆ. ಅಡುಗೆಮನೆ ನೋಡುವವರ ಕೆಲಸ ನಮ್ಮ ಮ್ಯಾನೇಜರರದ್ದೇ: ಖರೀದಿ, ದಾಸ್ತಾನು, ಪಾಳಿ, ಖರ್ಚಿನ ಲೆಕ್ಕ. ಒಂದೇ ವ್ಯತ್ಯಾಸ, ಅಲ್ಲಿ ಕೈ ಅಳತೆ ನಡೆಯುವುದಿಲ್ಲ. ಒಂದು ಸೌಟು ಸಾಂಬಾರೆಂದರೆ ಎಷ್ಟು ಮಿಲಿಲೀಟರ್, ಅದರಲ್ಲಿ ಬೇಳೆ ಎಷ್ಟು ಗ್ರಾಂ ಎಂದು ಬರೆದಿರುತ್ತದೆ. ತಿನ್ನದೆ ವಾಪಸು ಬಂದ ತಟ್ಟೆಯನ್ನೂ ನೋಡುತ್ತಾರೆ, ಏಕೆಂದರೆ ಲೆಕ್ಕದ ಪ್ರಕಾರ ಕೊಟ್ಟ ಊಟ ರೋಗಿಯ ಹೊಟ್ಟೆ ಸೇರದಿದ್ದರೆ ಲೆಕ್ಕದಿಂದ ಪ್ರಯೋಜನವಿಲ್ಲ. ರುಚಿ ಬಲ್ಲ ನಮ್ಮವರು ಉಪಯೋಗಕ್ಕೆ ಬರುವುದು ಇಲ್ಲಿಯೇ. ಉಪ್ಪು ಕಡಿಮೆಯಾದ ಸಾರಿಗೆ ನಿಂಬೆ, ಜೀರಿಗೆ, ಕರಿಬೇವಿನಿಂದ ಜೀವ ತರುವುದು ಪುಸ್ತಕ ಓದಿ ಬರುವ ವಿದ್ಯೆಯಲ್ಲ.

ಹೋಟೆಲಿಗರ ಮಕ್ಕಳಲ್ಲಿ ವಿಜ್ಞಾನ ಓದಿದವರು, ಅದರಲ್ಲೂ ಗಲ್ಲಾದ ಮೇಲೆ ಕೂರಲು ಮನಸ್ಸಿಲ್ಲದವರು, ಈ ದಾರಿಯನ್ನು ನೋಡಬಹುದು. ಆಹಾರ ಮತ್ತು ಪೋಷಣೆಯಲ್ಲಿ ಪದವಿ, ಮೇಲೆ ಡಿಪ್ಲೊಮಾ ಅಥವಾ ಎಂ.ಎಸ್ಸಿ., ಆಸ್ಪತ್ರೆಯಲ್ಲಿ ಕೆಲವು ತಿಂಗಳ ತರಬೇತಿ. ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ ನಡೆಸುವ ನೋಂದಣಿ ಪರೀಕ್ಷೆಯೂ ಇದೆ. 2021ರ ಕೇಂದ್ರ ಕಾಯ್ದೆ ಈ ವೃತ್ತಿಯನ್ನು ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿದೆ. ಮುಂಬಯಿಯ ಎಸ್.ಎನ್.ಡಿ.ಟಿ., ದೆಹಲಿಯ ಲೇಡಿ ಇರ್ವಿನ್ ಕಾಲೇಜು, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಇವೆಲ್ಲ ನಾವಿರುವ ಊರುಗಳಲ್ಲೇ ಇವೆ. ನೂರು ಜನರ ಅಡುಗೆಯ ಅಂದಾಜು ಮನೆಯಲ್ಲೇ ಕಲಿತ ಮಕ್ಕಳಿಗೆ ಅಡುಗೆಮನೆಯ ಗದ್ದಲ ಹೊಸತಾಗಲಾರದು.

ಟೆಂಡರು ತುಂಬುವ ಸದಸ್ಯರು ದರ ಬರೆಯುವ ಮೊದಲು ಇಷ್ಟು ಕೇಳಿಕೊಳ್ಳಿ. ಡಯಟೀಷಿಯನ್ ಸಂಬಳ ಆಸ್ಪತ್ರೆಯದೋ ಗುತ್ತಿಗೆದಾರನದೋ? ಎಷ್ಟು ಬಗೆಯ ಪಥ್ಯ, ಅವುಗಳಿಗೆಲ್ಲ ಒಂದೇ ದರವೋ? ಪಟ್ಟಿ ಬದಲಿಸಲು ಕೊನೆಯ ಗಡುವು ಎಷ್ಟು ಗಂಟೆಗೆ, ಗಡುವು ಮೀರಿ ಬದಲಾಗಿ ವ್ಯರ್ಥವಾದ ತಟ್ಟೆಯ ಹಣ ಯಾರ ಲೆಕ್ಕಕ್ಕೆ? ನಳಿಕೆಯ ಮೂಲಕ ಕೊಡುವ ಆಹಾರವನ್ನು ತಯಾರಿಸುವುದು ನಿಮ್ಮ ಪಾಲಿಗೆ ಬಂದರೆ, ಅದಕ್ಕೆ ಪ್ರತ್ಯೇಕ ಜಾಗ, ಪಾತ್ರೆ ಮತ್ತು ಕೆಲಸಗಾರರ ಖರ್ಚನ್ನು ಬೇರೆಯಾಗಿಯೇ ಬರೆಯಿರಿ.