ಹಾಡುಗಳ ಧ್ವನಿಯನ್ನು ಸಮಗೊಳಿಸುವ ಕ್ರಮ

ನಮ್ಮ ಶಾಲೆಯ ಹಾಡುಗಳ ಸಂಗ್ರಹವು ಈಗ ಕಂಪ್ಯೂಟರಿನಲ್ಲಿ ಅಂಕಿಗಳ ರೂಪದಲ್ಲಿ ಇರುವುದಷ್ಟೆ. ಅದರಲ್ಲಿ ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ಕೀರ್ತನೆಗಳೂ ಇತ್ತೀಚೆಗೆ ಕೊಂಡ ಹಾಡುಗಳೂ ಕೂಡಿಕೊಂಡಿವೆ. ಕಳೆದ ಕ್ರಿಸ್ಮಸ್ ಕೂಟದಲ್ಲಿ, ಕಿವಿಗೊಟ್ಟರೂ ಸರಿಯಾಗಿ ಕೇಳಿಸದ ಹಳೆಯ ಕೀರ್ತನೆಯೊಂದು ಮುಗಿದೊಡನೆ ಹೊಸ ಹಾಡೊಂದು ಗುಡುಗಿನಂತೆ ಹೊರಟಿತು. ಮುಂದಿನ ಸಾಲಿನ ಚಿಕ್ಕ ಮಕ್ಕಳು ಬೆಚ್ಚಿ ಅಳತೊಡಗಿದರು. ಎಲ್ಲವನ್ನೂ ಸಮಗೊಳಿಸಬೇಕೆಂದು ನಾವು ಅಂದೇ ನಿಶ್ಚಯಿಸಿದೆವು.

ಅಂಕಿಗಳಿಗೆ ಒಂದು ಮೇರೆಯುಂಟು. ಸಾಮಾನ್ಯವಾದ ಸಿ.ಡಿ.ಯಲ್ಲಿ 32767ನ್ನು ಮೀರಿದ ಅಂಕಿಗೆ ಸ್ಥಳವಿಲ್ಲ. ಪ್ರತಿಯೊಂದು ಹಾಡಿನ ಅತ್ಯುಚ್ಚ ಶಬ್ದವನ್ನು ಈ ಮೇರೆಯವರೆಗೆ ಏರಿಸಿದರೆ ಸಾಕೆಂದು ನಾವು ಮೊದಲು ತಿಳಿದೆವು. ಆದರೆ ಕಿವಿಯು ಕ್ಷಣಮಾತ್ರದ ಏರನ್ನಲ್ಲ, ಹಾಡಿನುದ್ದಕ್ಕೂ ಇರುವ ಬಲವನ್ನು ಗ್ರಹಿಸುವುದು. ಆ ಕೀರ್ತನೆಯ ನಡುವೆ ಯಾರೋ ಬಾಗಿಲನ್ನು ದಡಾರನೆ ಮುಚ್ಚಿದ್ದರು. ಆ ಶಬ್ದವೊಂದೇ ಮೇರೆಯನ್ನು ಮುಟ್ಟಿ, ಹಾಡು ಇದ್ದಲ್ಲಿಯೇ ಉಳಿಯಿತು. ನಾವು ಅವಸರಪಟ್ಟು ಇನ್ನೂ ಏರಿಸಿ, ಮೂಲದ ಮೇಲೆಯೇ ಬರೆದುಬಿಟ್ಟೆವು. ಬಾಗಿಲಿನ ಶಬ್ದ ಮಾತ್ರವಲ್ಲದೆ, ಹುಡುಗಿಯರ ಮೇಲಿನ ಸ್ವರಗಳ ಅಲೆಗಳೂ ತುದಿ ಕತ್ತರಿಸಿಹೋಗಿ ಕರಕರನೆ ಕೇಳಿಸತೊಡಗಿದವು. ಹೀಗೆ ಕಳೆದುಹೋದುದನ್ನು ಧ್ವನಿಯನ್ನು ತಗ್ಗಿಸಿ ಮರಳಿ ಪಡೆಯಲಾಗದು.

ತಕ್ಕ ಉಪಾಯವನ್ನು ನಾವು ತಡವಾಗಿ ಕಲಿತೆವು. 2001ರಲ್ಲಿ ಡೇವಿಡ್ ರಾಬಿನ್ಸನ್ ಎಂಬವರು ರಿಪ್ಲೇಗೇನ್ ಎಂಬ ಕ್ರಮವನ್ನು ಸೂಚಿಸಿದರು. ಇದರಲ್ಲಿ ಧ್ವನಿಯನ್ನು ಮುಟ್ಟತಕ್ಕದ್ದಿಲ್ಲ. ಮನುಷ್ಯರ ಕಿವಿಗೆ ಹಾಡು ಎಷ್ಟು ಗಟ್ಟಿಯಾಗಿ ತೋರುವುದೆಂಬುದನ್ನು ಅಳೆದು, 'ಇದನ್ನು 8 ಡೆಸಿಬೆಲ್ ಇಳಿಸು', 'ಇದನ್ನು 3 ಏರಿಸು' ಎಂಬಂಥ ಒಂದು ಅಂಕಿಯನ್ನು ಹಾಡಿನ ಹೆಸರುಪಟ್ಟಿಯೊಡನೆ ಬರೆದಿಡುವರು. ನುಡಿಸುವ ಯಂತ್ರವು ಅದನ್ನು ಓದಿ ನಡೆದುಕೊಳ್ಳುವುದು. ಬೇಡವೆನಿಸಿದರೆ ಆ ಅಂಕಿಯನ್ನು ಅಳಿಸಿಬಿಡಬಹುದು. ಯೂರೋಪಿನ ಪ್ರಸಾರ ಸಂಘವು 2010ರಲ್ಲಿ ಇಂಥದೇ ಅಳತೆಯನ್ನು ರೇಡಿಯೋ ಟೆಲಿವಿಷನ್‌ಗಳಿಗೆ ಗೊತ್ತುಮಾಡಿತು. ಫೂಬಾರ್ 2000 ಎಂಬ ಉಚಿತವಾದ ಸಾಧನದಿಂದ ಮನೆಯಲ್ಲಿಯೇ ಇದನ್ನು ಮಾಡಿಕೊಳ್ಳಬಹುದು. ಮೆಲುದನಿಯ ಹಾಡನ್ನು ಬಹಳ ಏರಿಸುವುದಕ್ಕಿಂತ ಗಟ್ಟಿಯಾದುದನ್ನು ಇಳಿಸಿ, ಆಂಪ್ಲಿಫೈಯರಿನ ತಿರುಪನ್ನು ಕೊಂಚ ಹೆಚ್ಚಿಸುವುದೇ ಕ್ಷೇಮಕರವೆಂದು ನಮ್ಮ ಅನುಭವ.

ಇಲ್ಲೊಂದು ಎಚ್ಚರಿಕೆ ಬೇಕು. 1742ರಲ್ಲಿ ಡಬ್ಲಿನ್ ನಗರದಲ್ಲಿ ಮೊದಲು ಹಾಡಲ್ಪಟ್ಟ ಹ್ಯಾಂಡೆಲನ 'ಮೆಸ್ಸೈಯ'ದಂಥ ಕೃತಿಯಲ್ಲಿ ದುಃಖದ ಒಂಟಿ ಗಾನವೂ ಹಲ್ಲೆಲೂಯ ಮೇಳಗಾನವೂ ಒಂದೇ ಬಲದಲ್ಲಿ ಕೇಳಿಸಿದರೆ ರಚಿಸಿದವನ ಉದ್ದೇಶವೇ ಕೆಡುವುದು. ಇಂಥವಕ್ಕೆ ಇಡೀ ಕೃತಿಗೆ ಒಂದೇ ಅಂಕಿಯನ್ನು ಕೊಡುವ ಏರ್ಪಾಡುಂಟು, ಅದನ್ನೇ ಆರಿಸಿಕೊಳ್ಳತಕ್ಕದ್ದು.

ನಾವು ಕೆಡಿಸಿದ ಕೀರ್ತನೆಯ ಕ್ಯಾಸೆಟ್ಟು ಈಗ ಶಾಲೆಯಲ್ಲಿಲ್ಲ. ಆ ಕಾಲದಲ್ಲಿ ಅದರ ಪ್ರತಿಗಳನ್ನು ಹಲವು ಮಂದಿ ವಿದ್ಯಾರ್ಥಿನಿಯರು ಮನೆಗೆ ಕೊಂಡುಹೋಗಿದ್ದರು. ಯಾರ ಪೆಟ್ಟಿಗೆಯಲ್ಲಾದರೂ ಉಳಿದಿದ್ದರೆ ದಯಮಾಡಿ ಕಳುಹಿಸಿಕೊಡಿರಿ. ಇಳಿಸಿಕೊಂಡು ಜೋಪಾನವಾಗಿ ಹಿಂದಿರುಗಿಸುವೆವು. ಮೂರನೆಯ ಚರಣದಲ್ಲಿ ಬಾಗಿಲು ಮುಚ್ಚಿದ ಶಬ್ದ ಕೇಳಿಸಿತಾದರೆ ಅದೇ ಎಂದು ತಿಳಿಯಿರಿ.