ಇರುವೆ ಇರುವಷ್ಟೇ: ಮ್ಯಾಕ್ರೋ ಎಂಬ ಅಳತೆ

ಅಗ್ಗದ ಮೊಬೈಲ್ ಡಬ್ಬಗಳ ಮೇಲೆ ‘2 ಮೆಗಾಪಿಕ್ಸೆಲ್ ಮ್ಯಾಕ್ರೋ’ ಎಂದು ಅಚ್ಚು ಹಾಕುವುದು ಕೆಲವು ವರ್ಷಗಳಿಂದ ರೂಢಿಯಾಗಿದೆ. 70-300 ಮಿ.ಮೀ. ಜೂಮ್ ಲೆನ್ಸುಗಳಲ್ಲಿ ಎಷ್ಟೋ ಲೆನ್ಸುಗಳ ಕೊರಳಿನ ಮೇಲೂ ಅದೇ ಪದ. ದಾಸವಾಳದ ಕೇಸರವನ್ನು ಚೌಕಟ್ಟು ತುಂಬ ಹಿಡಿದು ಫೇಸ್‌ಬುಕ್ಕಿಗೆ ಏರಿಸಿದವರೂ ಅದನ್ನೇ ಬರೆಯುತ್ತಾರೆ. ಹತ್ತಿರ ಹೋಗಿ ತೆಗೆದದ್ದೆಲ್ಲ ಮ್ಯಾಕ್ರೋ ಆಗುವುದಾದರೆ ಪಾಸ್‌ಪೋರ್ಟ್ ಫೋಟೊವನ್ನೂ ಆ ಸಾಲಿಗೆ ಸೇರಿಸಬೇಕಾದೀತು. ಈ ವಿದ್ಯೆಯಲ್ಲಿ ಪಳಗಿದವರು ಚಿತ್ರ ನೋಡಿದ ಕೂಡಲೇ ಕೇಳುವುದು ಒಂದೇ ಪ್ರಶ್ನೆ: ‘ರೇಷಿಯೋ ಎಷ್ಟು?’

ಕ್ಯಾಮೆರಾದೊಳಗಿನ ಸೆನ್ಸಾರ್ ಮೇಲೆ ಬೀಳುವ ಬಿಂಬಕ್ಕೂ ವಸ್ತುವಿನ ನಿಜ ಗಾತ್ರಕ್ಕೂ ಇರುವ ಅನುಪಾತವೇ ಈ ರೇಷಿಯೋ. 10 ಮಿ.ಮೀ. ಉದ್ದದ ಇರುವೆ ಸೆನ್ಸಾರ್ ಮೇಲೂ 10 ಮಿ.ಮೀ. ಉದ್ದಕ್ಕೇ ಮೂಡಿದರೆ 1:1. ಐದಕ್ಕೆ ಇಳಿದರೆ 1:2, ಇಪ್ಪತ್ತಕ್ಕೆ ಏರಿದರೆ 2:1. ಬಿಂಬ ವಸ್ತುವಿನಷ್ಟೇ ಇದ್ದರೆ, ಇಲ್ಲವೇ ಅದನ್ನು ಮೀರಿದರೆ ಮ್ಯಾಕ್ರೋ. ಅದಕ್ಕಿಂತ ಕಡಿಮೆಯದು ಕ್ಲೋಸ್‌ಅಪ್. ಸುಮಾರು 10:1 ದಾಟಿದ ಮೇಲೆ ಸೂಕ್ಷ್ಮದರ್ಶಕದ ಸೀಮೆ ಶುರು. ಈ ಲೆಕ್ಕವೆಲ್ಲ ಕ್ಯಾಮೆರಾದ ಒಳಗೇ ಮುಗಿಯಬೇಕು. ಆಮೇಲೆ ಆ ಇರುವೆಯನ್ನು ಪರದೆಯ ಮೇಲೆ ಬೆಕ್ಕಿನಷ್ಟು ಹಿಗ್ಗಿಸಿದರೂ, ಫ್ಲೆಕ್ಸ್ ಮಾಡಿಸಿ ಬಸ್ ನಿಲ್ದಾಣದಲ್ಲಿ ಕಟ್ಟಿದರೂ ರೇಷಿಯೋ ಬದಲಾಗುವುದಿಲ್ಲ.

ನಿಮ್ಮ ಲೆನ್ಸ್ ಯಾವ ಜಾತಿಯದೆಂದು ತಿಳಿಯಲು ಒಂದು ರೂಪಾಯಿ ಸಾಕು. 2011ರ ಸರಣಿಯ ಒಂದು ರೂಪಾಯಿ ನಾಣ್ಯದ ವ್ಯಾಸ ಸುಮಾರು 22 ಮಿ.ಮೀ. ಫುಲ್‌ಫ್ರೇಮ್ ಕ್ಯಾಮೆರಾದ ಸೆನ್ಸಾರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಲೆನ್ಸನ್ನು ಕೈಯಿಂದ ತೀರಾ ಹತ್ತಿರದ ಫೋಕಸ್ಸಿಗೆ ತಿರುಗಿಸಿ, ನಾಣ್ಯ ಸ್ಪಷ್ಟವಾಗುವವರೆಗೆ ಕ್ಯಾಮೆರಾವನ್ನೇ ಹಿಂದೆ ಮುಂದೆ ಸರಿಸಿ. ನಾಣ್ಯದ ಮೇಲೆ, ಕೆಳಗೆ ತಲಾ ಒಂದು ಮಿಲಿಮೀಟರಿನಷ್ಟು ಜಾಗ ಉಳಿದರೆ ನಿಮ್ಮದು 1:1. ನಾಣ್ಯ ಚೌಕಟ್ಟಿನ ಅರ್ಧ ಎತ್ತರದಷ್ಟೇ ಇದ್ದರೆ, ಕೊರಳಿನ ಮೇಲೆ ಏನೇ ಬರೆದಿರಲಿ, ಅದು 1:2. ಎಪಿಎಸ್‌-ಸಿ ಎಂಬ ಚಿಕ್ಕ ಸೆನ್ಸಾರಿನ ಕ್ಯಾಮೆರಾದಲ್ಲಿ ಎತ್ತರವೇ 15-16 ಮಿ.ಮೀ. ಆದ್ದರಿಂದ 1:1ರಲ್ಲಿ ನಾಣ್ಯದ ತಲೆ, ಬುಡ ಎರಡೂ ಕತ್ತರಿಸಿ ಹೋಗಬೇಕು. ಅಲ್ಲಿ ನಾಣ್ಯದ ಬದಲು ಶಾಲೆಯ ಸ್ಕೇಲ್ ಇಟ್ಟು ಅಗಲಕ್ಕೆ ಎಷ್ಟು ಮಿಲಿಮೀಟರ್ ಹಿಡಿಸಿತೆಂದು ಎಣಿಸುವುದು ಸುಲಭ.

ಈ 1:1 ಎಂಬ ಗೆರೆಯನ್ನು ಶಾಸ್ತ್ರವಾಕ್ಯದಂತೆ ಪಾಲಿಸುವ ಮಡಿವಂತರು ನಮ್ಮ ಕ್ಯಾಮೆರಾ ಬಳಗಗಳಲ್ಲೂ ಉಂಟು. ಚರಿತ್ರೆ ಅಷ್ಟೇನೂ ಮಡಿಯಾಗಿಲ್ಲ. ಲೆನ್ಸಿಗೂ ಕ್ಯಾಮೆರಾಗೂ ನಡುವೆ ಸೇರಿಸುವ ಬೆಲ್ಲೋಸ್, ಟ್ಯೂಬುಗಳ ಗೊಡವೆಯಿಲ್ಲದೆ ದೂರದ ಬೆಟ್ಟದಿಂದ ಹತ್ತಿರದ ಹೂವಿನವರೆಗೆ ಒಂದೇ ಉಂಗುರದ ತಿರುವಿನಲ್ಲಿ ಫೋಕಸ್ ಮಾಡುವ ಲೆನ್ಸನ್ನು ಲೆನ್ಸ್ ತಯಾರಕ ಹೈನ್ಸ್ ಕಿಲ್‌ಫಿಟ್ 1955ರಲ್ಲಿ ಮಾರುಕಟ್ಟೆಗೆ ತಂದರು. ಅದರ ಹೆಸರು ಮಾಕ್ರೋ-ಕಿಲಾರ್. ಅದರಲ್ಲಿ ಎರಡು ಬಗೆ: ಒಂದು 1:1ರವರೆಗೆ ಹೋಗುತ್ತಿತ್ತು, ಇನ್ನೊಂದು 1:2ಕ್ಕೇ ನಿಲ್ಲುತ್ತಿತ್ತು. ಮ್ಯಾಕ್ರೋ ಎಂಬ ಹಣೆಪಟ್ಟಿ ಎರಡಕ್ಕೂ ಇತ್ತು. ಅಂದರೆ ಸಡಿಲ ಬಳಕೆ ಮೊದಲ ದಿನದಿಂದಲೇ ಇದೆ. ನಿಕಾನ್ ಕಂಪನಿ ಮಾತ್ರ ಇಂಥ ಲೆನ್ಸುಗಳನ್ನು ಇವತ್ತಿಗೂ ‘ಮೈಕ್ರೋ’ ಎಂದೇ ಕರೆಯುತ್ತದೆ. ಅದರ ಹಿಂದಿರುವುದು ಕೀಟವೂ ಅಲ್ಲ, ಹೂವೂ ಅಲ್ಲ, ಕಾಗದ. ಯುದ್ಧಾನಂತರದ ಜಪಾನಿನಲ್ಲಿ ದಾಖಲೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸುವ ಕೆಲಸ ನಡೆದಿತ್ತು. ರೋಮನ್ ಲಿಪಿಗೆ ಸಾಲುತ್ತಿದ್ದ ಲೆನ್ಸುಗಳು ಗೆರೆಗಳು ಒತ್ತೊತ್ತಾಗಿರುವ ಕಾಂಜಿ ಅಕ್ಷರಗಳ ಮುಂದೆ ಸೋತವು. ಆ ಕೊರತೆ ನೀಗಲು 1956ರಲ್ಲಿ ಬಂದದ್ದೇ ಮೊದಲ ಮೈಕ್ರೋ-ನಿಕ್ಕೋರ್.

ಇಷ್ಟು ತಿಳಿದು, ದುಡ್ಡು ಕೂಡಿಸಿ ‘ನಿಜವಾದ’ ಮ್ಯಾಕ್ರೋ ಲೆನ್ಸ್ ಕೊಂಡವರಿಗೆ ಮೊದಲು ಸಿಗುವುದು ನಿರಾಸೆ. ಮನೆಯ ಗೋಡೆಯ ಮೇಲೆ ನೆಗೆದಾಡುವ ಜೇಡ 5 ಮಿ.ಮೀ. ಇದೆ ಎನ್ನೋಣ. 1:1ರಲ್ಲಿ ಅದು 36 ಮಿ.ಮೀ. ಚೌಕಟ್ಟಿನ ಏಳನೇ ಒಂದು ಭಾಗ ಮಾತ್ರ. ಅಗಲಕ್ಕೆ 6,000 ಪಿಕ್ಸೆಲ್ ಇರುವ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಜೇಡದ ಪಾಲಿಗೆ ಬರುವುದು ಎಂಟುನೂರು ಚಿಲ್ಲರೆ. ಎಂಟು ಕಣ್ಣುಗಳಲ್ಲಿ ಮುಂದಿನ ಎರಡು ದೊಡ್ಡವು ಹೊಳೆಯುವುದು ಕಾಣುತ್ತದೆ, ನಿಜ. ನಾವು ಪತ್ರಿಕೆಗಳಲ್ಲಿ ನೋಡುವ, ಮುಖದ ಒಂದೊಂದು ರೋಮವೂ ಎದ್ದು ನಿಂತ ಜೇಡ ಮಾತ್ರ ಹಾಗೆ ಸಿಗುವುದಿಲ್ಲ. ಅಂಥವು ಬಹುಪಾಲು 2:1ರಿಂದ 5:1ರ ಒಳಗಿನವು. 1999ರಲ್ಲಿ ಕ್ಯಾನನ್ ತಂದ ಎಂಪಿ-ಇ 65 ಮಿ.ಮೀ. ಲೆನ್ಸ್ ಈ ಪ್ರದೇಶಕ್ಕೆಂದೇ ಹುಟ್ಟಿದ್ದು. 1:1ರಿಂದ ಶುರುವಾಗಿ 5:1ಕ್ಕೆ ಮುಗಿಯುವ ಆ ಲೆನ್ಸಿನಲ್ಲಿ ಎದುರಿಗೆ ನಿಂತ ಮನುಷ್ಯನ ಫೋಟೊ ತೆಗೆಯಲಾಗದು, ಫೋಕಸ್ಸೇ ಆಗುವುದಿಲ್ಲ.

ದೊಡ್ಡದಾದಷ್ಟೂ ಕಷ್ಟ ಕೂಡುತ್ತ ಹೋಗುತ್ತದೆ. 1:1ಕ್ಕೆ ಬರುವ ಹೊತ್ತಿಗೆ ಲೆನ್ಸ್ ಎರಡು ಸ್ಟಾಪಿನಷ್ಟು, ಅಂದರೆ ಮುಕ್ಕಾಲು ಪಾಲು, ಬೆಳಕು ಕಳೆದುಕೊಂಡಿರುತ್ತದೆ. ಲೆನ್ಸಿನ ಕಂಡಿಯನ್ನು ಎಫ್/8ಕ್ಕೆ ಇಟ್ಟರೆ ಅದು ಎಫ್/16ರಂತೆ ವರ್ತಿಸುತ್ತದೆ. ಆ ಎಫ್/8ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಒಂದು ಮಿಲಿಮೀಟರ್. ಜೇಡದ ಕಣ್ಣಿಗೆ ಫೋಕಸ್ ಮಾಡಿ ಉಸಿರು ಬಿಟ್ಟರೆ ಫೋಕಸ್ ಅದರ ಬೆನ್ನಿಗೆ ಜಾರಿರುತ್ತದೆ. 5:1ರಲ್ಲಿ ಎಫ್/2.8 ಇಟ್ಟರೆ ಆಳ 0.05 ಮಿ.ಮೀ., ಒಂದು ತಲೆಗೂದಲಿನ ದಪ್ಪ. ಹಾಗಾದರೆ ಎಫ್/22ಕ್ಕೆ ಮುಚ್ಚಿಬಿಡೋಣ ಎಂದರೆ ಅದೂ ನಡೆಯದು. ಸಣ್ಣ ಕಂಡಿಯಲ್ಲಿ ನುಸುಳುವ ಬೆಳಕು ಚದುರಿ ಇಡೀ ಚಿತ್ರವೇ ಮಬ್ಬಾಗುತ್ತದೆ. ಹೀಗೆ ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬರಿದಾಗುವ, ಮೊಣಕಾಲು ಮುಚ್ಚಿದರೆ ಭುಜ ಬಯಲಾಗುವ ಗಿಡ್ಡ ಕಂಬಳಿಯಂತೆ ಇದರ ಭೌತಶಾಸ್ತ್ರ.

ಇದಕ್ಕೆ ಕಂಡುಕೊಂಡ ದಾರಿ ಫೋಕಸ್ ಸ್ಟ್ಯಾಕಿಂಗ್. ಫೋಕಸ್ಸನ್ನು ಎಳೆಯೆಳೆಯಷ್ಟೇ ಸರಿಸುತ್ತ ಹತ್ತಾರು ಚಿತ್ರ ತೆಗೆದು, ಪ್ರತಿಯೊಂದರ ಸ್ಪಷ್ಟ ಭಾಗವನ್ನಷ್ಟೇ ಸಾಫ್ಟ್‌ವೇರಿನಲ್ಲಿ ಹೊಸೆಯುವುದು. ಇದರ ತುತ್ತತುದಿ ಬ್ರಿಟನ್ನಿನ ಛಾಯಾಗ್ರಾಹಕ ಲೆವನ್ ಬಿಸ್ ಅವರ ಕೆಲಸ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನಿಸರ್ಗ ಚರಿತ್ರೆ ಮ್ಯೂಸಿಯಮ್ಮಿನ ಕೀಟ ಸಂಗ್ರಹದಿಂದ ಆಯ್ದವನ್ನು ಅವರು 10 ಪಟ್ಟಿನ ಸೂಕ್ಷ್ಮದರ್ಶಕ ಮಸೂರ ಜೋಡಿಸಿ, ಪ್ರತಿ ಕ್ಲಿಕ್ಕಿಗೆ 10 ಮೈಕ್ರಾನ್ ಸರಿಸುತ್ತ ತೆಗೆದರು. ಒಂದೊಂದು ಕೀಟವನ್ನೂ ಮೂವತ್ತರಷ್ಟು ಭಾಗ ಮಾಡಿ, ಭಾಗಭಾಗಕ್ಕೂ ಬೇರೆ ಬೆಳಕು ಕೊಟ್ಟು, ಎಂಟು ಸಾವಿರಕ್ಕೂ ಮಿಕ್ಕ ಚಿತ್ರಗಳನ್ನು ಒಂದಾಗಿಸಿದರು. 2016ರಲ್ಲಿ ಪ್ರದರ್ಶನಗೊಂಡ ‘ಮೈಕ್ರೋಸ್ಕಲ್ಪ್ಚರ್’ನ ಎದುರು ನಿಂತವರಿಗೆ ಕೀಟ ತಮಗಿಂತ ದೊಡ್ಡದಾಗಿ ಕಂಡಿದೆ. ಅವೆಲ್ಲ ಪಿನ್ನಿಗೆ ಚುಚ್ಚಿದ ಸತ್ತ ಕೀಟಗಳು ಎಂಬುದನ್ನೂ ನೆನಪಿಡಬೇಕು. ಬದುಕಿರುವ ಹುಳ ಎಂಟು ಸಾವಿರ ಕ್ಲಿಕ್ಕಿನವರೆಗೆ ಕಾಯುವುದಿಲ್ಲ. ಕಾಯಲೆಂದು ಕೆಲವರು ಅವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸುವುದುಂಟು. ಅದು ನೀಚ ಕೆಲಸ. ಇಬ್ಬನಿಯ ಬೆಳಗ್ಗೆ ಬೇಗ ಎದ್ದರೆ ಚಳಿಗೆ ತಾವೇ ಅಲುಗಾಡದೆ ಕೂತ ಏರೋಪ್ಲೇನ್ ಚಿಟ್ಟೆಗಳು ಸಿಗುತ್ತವೆ.

ಹಾಗಾದರೆ ಆ ಮೊಬೈಲಿನ ಮ್ಯಾಕ್ರೋ ಸುಳ್ಳೇ? ರೇಷಿಯೋ ಲೆಕ್ಕದಲ್ಲಿ ಹೌದು. ಅದರ ಸೆನ್ಸಾರ್ ಮೂರು ಮಿಲಿಮೀಟರಿನ ಆಸುಪಾಸಿನದು. 1:1 ಆಗಬೇಕಾದರೆ ಚೌಕಟ್ಟಿನೊಳಗೆ ಮೂರೇ ಮಿಲಿಮೀಟರ್ ಹಿಡಿಸಬೇಕು. ಅಂಥ ಯಾವ ಅಗ್ಗದ ಫೋನನ್ನೂ ನಾನು ನೋಡಿಲ್ಲ. ಆದರೆ ಇಲ್ಲಿ ರೇಷಿಯೋದ ಬಡತನವೂ ಬಯಲಾಗುತ್ತದೆ. ಸೆನ್ಸಾರ್ ಚಿಕ್ಕದಾದರೆ ಕಡಿಮೆ ರೇಷಿಯೋದಲ್ಲೇ ಅದೇ ದೃಶ್ಯ ಚೌಕಟ್ಟನ್ನು ತುಂಬುತ್ತದೆ. ಹೀಗಾಗಿಯೇ ಫುಲ್‌ಫ್ರೇಮಿನ ಅರ್ಧದಷ್ಟೇ ಅಗಲದ ಸೆನ್ಸಾರಿರುವ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾ ಮಾಡುವವರು ತಮ್ಮ 1:1 ಲೆನ್ಸನ್ನು ‘ಫುಲ್‌ಫ್ರೇಮಿನ 2:1ಕ್ಕೆ ಸಮ’ ಎಂದು ಮಾರುತ್ತಾರೆ. ಅದು ಪೂರ್ತಿ ಬೂಟಾಟಿಕೆಯಲ್ಲ. 1:1 ಎನ್ನುವುದು ಲೆನ್ಸಿನ ಗುಣ ಹೇಳುತ್ತದೆ, ಚಿತ್ರದ ಗುಣ ಹೇಳುವುದಿಲ್ಲ. ಎರಡು ಬೇರೆ ಗಾತ್ರದ ಸೆನ್ಸಾರುಗಳನ್ನು ಹೋಲಿಸುವಾಗ ‘ಚೌಕಟ್ಟಿನ ಅಗಲಕ್ಕೆ ಎಷ್ಟು ಮಿಲಿಮೀಟರ್ ಹಿಡಿಸಿತು?’ ಎಂದು ಕೇಳುವುದೇ ಮೇಲು.

ವಿಜ್ಞಾನಿಗಳಿಗೆ ಈ ಜಗಳವೇ ಇಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಂಥ ಕಡೆ ಅಭ್ಯಾಸ ಮಾಡುವ ಟ್ರೈಕೋಗ್ರಾಮಾ ಕಣಜ ಅರ್ಧ ಮಿಲಿಮೀಟರ್ ಉದ್ದದ್ದು. ಬೆಳೆ ಕೊರೆಯುವ ಹುಳುಗಳ ಮೊಟ್ಟೆಯೊಳಗೇ ಬೆಳೆದು ರೈತರಿಗೆ ನೆರವಾಗುವ ಪರತಂತ್ರ ಜೀವಿ ಇದು. 1:1ರಲ್ಲಿ ಹಿಡಿದರೆ ಮೇಲೆ ಹೇಳಿದ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅದಕ್ಕೆ ಸಿಗುವುದು 83 ಪಿಕ್ಸೆಲ್, ಒಂದು ಚುಕ್ಕಿ. ಸೂಕ್ಷ್ಮದರ್ಶಕವೇ ಬೇಕು. ಪ್ರಬಂಧದಲ್ಲಿ ಅಚ್ಚಾಗುವ ಚಿತ್ರದ ಮೂಲೆಯಲ್ಲಿ ಒಂದು ಅಳತೆ ಗೆರೆ ಹಾಕಿ, ಇಷ್ಟು ಉದ್ದವೆಂದರೆ ಇಷ್ಟು ಮಿಲಿಮೀಟರ್ ಎಂದು ಬರೆದರೆ ಮುಗಿಯಿತು. ಜರ್ಮನಿಯ ಛಾಯಾಗ್ರಾಹಕ ಕಾರ್ಲ್ ಬ್ಲಾಸ್‌ಫೆಲ್ಟ್ 1928ರಲ್ಲಿ ಪ್ರಕಟಿಸಿದ ಸಸ್ಯಚಿತ್ರಗಳ ಪುಸ್ತಕದಲ್ಲೂ, ಸುರುಳಿ ಸುತ್ತಿದ ಜರೀಗಿಡದ ಚಿಗುರು ಮೊದಲಾದವುಗಳ ಕೆಳಗೆ ‘ಇಷ್ಟು ಪಟ್ಟು’ ಎಂದಿತ್ತು. ಅದು ಪುಟದ ಮೇಲಿನ ಹಿಗ್ಗು. ಇಂದಿನ ಮಡಿವಂತರು ಅವರನ್ನು ಮ್ಯಾಕ್ರೋ ಪಂಕ್ತಿಯಿಂದ ಎಬ್ಬಿಸಲು ಹೊರಟರೆ ನಷ್ಟ ಪಂಕ್ತಿಗೇ.

ಕಲಿಯುವವರು ದುಬಾರಿ ಲೆನ್ಸಿನಿಂದ ಶುರು ಮಾಡಬೇಕಿಲ್ಲ. 50 ಮಿ.ಮೀ. ಲೆನ್ಸಿಗೂ ಕ್ಯಾಮೆರಾಗೂ ನಡುವೆ 50 ಮಿ.ಮೀ. ಉದ್ದದ ಎಕ್ಸ್‌ಟೆನ್ಶನ್ ಟ್ಯೂಬ್ ಹಾಕಿದರೆ 1:1 ಬಂದೇಬಿಡುತ್ತದೆ. ಫಿಲ್ಮ್ ಕಾಲದ ಹಳೆಯ 28 ಮಿ.ಮೀ. ಲೆನ್ಸನ್ನು ರಿವರ್ಸ್ ರಿಂಗ್ ಹಾಕಿ ತಿರುಗುಮುರುಗಾಗಿ ಕೂರಿಸಿದರೆ 2:1 ದಾಟುತ್ತದೆ. ಫ್ಲ್ಯಾಶಿನ ಮುಂದೆ ಒಂದು ತುಂಡು ಬಿಳಿ ಥರ್ಮಾಕೋಲ್ ಹಾಳೆ ಇದ್ದರೆ ಜೀರುಂಡೆಯ ಬೆನ್ನು ಕನ್ನಡಿಯಂತೆ ಕಣ್ಣು ಕುಕ್ಕುವುದಿಲ್ಲ. ಕೊಳ್ಳಲೇಬೇಕೆಂದರೆ 90ರಿಂದ 105 ಮಿ.ಮೀ.ವರೆಗಿನವು ಹೊರಗಿನ ಕೆಲಸಕ್ಕೆ ಒಳ್ಳೆಯವು. ಡಬ್ಬದ ಮೇಲೆ ಕನಿಷ್ಠ ದೂರ 30 ಸೆಂ.ಮೀ. ಎಂದಿರುತ್ತದೆ, ಅದನ್ನು ಸೆನ್ಸಾರಿನಿಂದ ಅಳೆದಿರುತ್ತಾರೆ. ಲೆನ್ಸಿನ ಮೂತಿಯಿಂದ ಹುಳದವರೆಗೆ ಉಳಿಯುವುದು ಮುಕ್ಕಾಲು ಗೇಣು. 50 ಮಿ.ಮೀ. ಮ್ಯಾಕ್ರೋ ಅಗ್ಗ, ಹಗುರ, ಆದರೆ 1:1ರಲ್ಲಿ ಅದರ ಮೂತಿ ಹುಳಕ್ಕೆ ನಾಲ್ಕಾರು ಬೆರಳಗಲ ಹತ್ತಿರ ಹೋಗಬೇಕು. ನೆರಳು ಬೀಳುತ್ತದೆ, ಚಿಟ್ಟೆ ಹಾರುತ್ತದೆ. ಮಲೆನಾಡಿನ ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟಿದ ಚಗಳಿ ಇರುವೆಗಳಾದರೆ ಹಾರುವುದೂ ಇಲ್ಲ, ಓಡುವುದೂ ಇಲ್ಲ. ಲೆನ್ಸಿನ ಮೇಲೆ ಹತ್ತಿ, ಕೈಗೆ ಬಂದು, ಕಚ್ಚಿದ ಜಾಗಕ್ಕೆ ಫಾರ್ಮಿಕ್ ಆಮ್ಲ ಚಿಮುಕಿಸುತ್ತವೆ. ಅಲ್ಲಿಗೆ ಉದ್ದನೆಯ ಲೆನ್ಸನ್ನೇ ಒಯ್ಯಿರಿ.